ಜೋಕಾಲಿಯ ಹಗ್ಗ

ಹೊಳೆದಂಡೆ ತೋಟದ ಮನೆ,
ಕುಡಚಿ ಹತ್ತಿರ, ತಾ. ರಾಯಬಾಗ
25 ಜುಲೈ 2024, ಗುರುವಾರ

ಪ್ರೀತಿಯ ಸುಗಂಧಕ್ಕಾ,

ತಮ್ಮ ಭರಮುವಿನ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ನಿಪ್ಪಾಣಿಯ ಆ ಎರಡನೆಯ ಮಹಡಿಯಿಂದ ನೀನು ಕೆಳಗೆ ಇಳಿಯುವುದನ್ನೇ ಬಿಟ್ಟಿದ್ದೀಯೆಂದು ನಿನ್ನ ಮಗಳು ದೀಪಾಲಿ ಹೋದ ತಿಂಗಳು ಹೇಳಿದಳು. ಔಡಲೆಣ್ಣೆ ಹಚ್ಚಿ, ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಿಕೊಳ್ಳಿರೆಂದು ಊರಿಗೆಲ್ಲ ಔಷಧ ಹೇಳಿದವಳು ನೀನು. ನಿಪ್ಪಾಣಿಯಲ್ಲಿ ಎಕ್ಕೆ ಗಿಡ ಇಲ್ಲವೇ? ಇಲ್ಲಿ ಬೇಲಿಯ ತುಂಬ ಬೆಳೆದಿದೆ, ನಾಲ್ಕು ಎಲೆ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಬಾಡಿದ್ದರೂ ಕಟ್ಟಿಕೋ. ಕಣ್ಣಿನ ಆಪರೇಶನ್ ಆದ ಮೇಲೆ ಪೇಪರನ್ನು ಹಿಂದಿನ ಪುಟದವರೆಗೂ ಓದುತ್ತೀಯಂತೆ. ಅದನ್ನು ಕೇಳಿಯೇ ನನಗೆ ಬರೆಯುವ ಧೈರ್ಯ ಬಂತು. ಇದನ್ನು ದೀಪಾಲಿಯ ಕೈಗೆ ಕೊಟ್ಟು ಓದಿಸಬೇಡ, ನೀನೇ ಓದು. ನನ್ನ ಅಕ್ಷರ ಇರುವೆ ಹರಿದಾಡಿದ ಹಾಗಿರುತ್ತದೆಂದು ನಗುತ್ತಿದ್ದೆಯಲ್ಲ, ಅದಕ್ಕೇ ಈ ಸಲ ದೊಡ್ಡದಾಗಿ ಬರೆಯುತ್ತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಐದು ವರ್ಷದಿಂದ ಮಾಡುತ್ತಲೇ ಇದ್ದೇನೆ ಅಕ್ಕಾ. ನನ್ನ ದನಿ ಕೇಳಿದ ಕೂಡಲೇ "ತಗೋ ದೀಪಾ, ನಿಮ್ಮ ಮಾಮಾಂದ ಐತಿ" ಎಂದು ಫೋನನ್ನು ಅವಳಿಗೆ ದಾಟಿಸಿಬಿಡುತ್ತೀ. ಆ ಒಂದು ಮಾತಾದರೂ ಕೇಳಿತಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಕಾಗದವನ್ನಾದರೆ ಹಾಗೆ ದಾಟಿಸಲು ಬರುವುದಿಲ್ಲ, ಕೈಗೆ ಬಂದದ್ದು ಕೈಯಲ್ಲೇ ಇರುತ್ತದೆ. ಹಾಲಿನ ಗಾಡಿಯ ನಾಮದೇವ ನಾಲ್ಕು ಗಂಟೆಗೆ ಇಲ್ಲಿಂದ ಚಿಕ್ಕೋಡಿ ಮೇಲೆ ನಿಪ್ಪಾಣಿಗೆ ಹೋಗುತ್ತಾನೆ. ನಾಳೆಯಿಂದ ರಸ್ತೆ ಇರುತ್ತದೋ ಇಲ್ಲವೋ, ಆದ್ದರಿಂದ ಇವತ್ತೇ ಅವನ ಕೈಯಲ್ಲಿ ಕೊಡುತ್ತೇನೆ.

ಶಾಲೆಯಲ್ಲಿ ಗುರುಗಳು ಕಲಿಸಿದಂತೆ ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಬೇಕಿತ್ತು. ಬರೆದರೆ ಸುಳ್ಳಾಗುತ್ತದೆ. ಹೊಳೆ ಬರುತ್ತಿದೆ. ಇಲ್ಲಿ ಮಳೆಯೇನೂ ಇಲ್ಲ, ನಿನ್ನೆ ಮಧ್ಯಾಹ್ನ ಚುರುಕು ಬಿಸಿಲು ಬಿದ್ದಿತ್ತು. ಮಳೆ ಬೀಳುವುದು ಮೇಲೆ ಮಹಾರಾಷ್ಟ್ರದ ಘಟ್ಟದಲ್ಲಿ, ಮನೆ ಬಿಡುವವರು ನಾವು. ಪಂಚಾಯ್ತಿಯ ಆಟೋ ಮುಂಜಾನೆಯಿಂದ ಕೂಗುತ್ತ ತಿರುಗುತ್ತಿದೆ. ನಿನ್ನ ಸೊಂಟದ ಮೇಲೆಯೇ ಬೆಳೆದ ನನ್ನ ಮಗಳು ಭಾಗ್ಯಾ ಈಗ ಅಥಣಿಯಲ್ಲಿ ಬಿ.ಎಸ್ಸಿ. ಓದುತ್ತಾಳೆ. ಸೇತುವೆಯ ಮೇಲೆ ನೀರು ಬಂದಿದ್ದರಿಂದ ಕಾಲೇಜಿಗೆ ಹೋಗದೆ ಮನೆಯಲ್ಲೇ ಇದ್ದಾಳೆ. ಯಾವ ಡ್ಯಾಮಿನಿಂದ ಎಷ್ಟು ನೀರು ಬಿಟ್ಟರೆಂದು ಮೊಬೈಲಿನಲ್ಲಿ ನೋಡಿ ನೋಡಿ ನನಗೆ ಹೇಳುತ್ತಾಳೆ. "ಅಪ್ಪಾ, ನಾಳೆ ಸಂಜಿಕ ನಮ್ಮ ಕಬ್ಬಿನ್ಯಾಗ ನೀರ ಬರತೈತಿ, ನಾಡದ ಅಂಗಳಕ್ಕ" ಎಂದಳು. ಅವಳ ಲೆಕ್ಕ ಒಂದು ತಾಸೂ ಆಚೀಚೆ ಆಗುವುದಿಲ್ಲ. ಪಕ್ಕದ ತೋಟದ ಬಾಳಾಸಾಬ ಮಾತ್ರ ಎಂದಿನಂತೆ "ಏನೂ ಆಗೂದಿಲ್ಲ ತಗೋ ಭರಮಣ್ಣಾ, ಹೊಳಿ ಬರೇ ನೋಡಿ ಹೋಗಾಕ ಬಂದೈತಿ" ಎನ್ನುತ್ತಿದ್ದಾನೆ. ಹಾಗೆನ್ನುವಾಗ ಅವನ ಟ್ರಂಕು, ಮಂಚ, ಮಿಕ್ಸರು ಎಲ್ಲ ಟ್ರ್ಯಾಕ್ಟರ್ ಏರಿ ಕೂತಿದ್ದವು.

ನಾವೂ ಕಟ್ಟಿಕೊಳ್ಳುತ್ತಿದ್ದೇವೆ. ಅಪ್ಪ ಹಾಕಿಕೊಟ್ಟ ಕ್ರಮ ನಿನಗೆ ನೆನಪಿರಬೇಕು. ಮೊದಲು ಹೊಳೆದಂಡೆಯ ಮೋಟರು, ಆಮೇಲೆ ದನ, ಆಮೇಲೆ ಕಾಳು, ಆಮೇಲೆ ಕಾಗದಪತ್ರ, ಕೊನೆಗೆ ನಾವು. ಮೋಟರನ್ನು ಮೊನ್ನೆಯೇ ಎತ್ತಿದೆ, ಸ್ಟಾರ್ಟರ್ ಪೆಟ್ಟಿಗೆಯನ್ನೂ ಜೊತೆಗೇ ತಂದೆ. ದನ ಇವತ್ತು ಬೆಳಿಗ್ಗೆ ಎತ್ತರದ ಮಡ್ಡಿಗೆ ಹೋದವು. ನನ್ನ ಹೆಂಡತಿ ಕಾಂಚನ ಎರಡು ದಿನದಿಂದ ರೊಟ್ಟಿ ಬಡಿಯುತ್ತಿದ್ದಾಳೆ. ಕಟಕ ರೊಟ್ಟಿಯ ಎರಡು ಬುಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ತಯಾರಾಗಿವೆ. ಮುಗಳಖೋಡದಲ್ಲಿ ಅವಳ ತಂಗಿಯ ಮನೆಗೆ ಹೋಗುವವರು ಇಷ್ಟು ರೊಟ್ಟಿ ಹೊತ್ತು ಹೋಗಬೇಕೇ ಎಂದರೆ, "ಮಂದಿ ಮನಿಗೆ ಹಸದ ಹೊಟ್ಟಿಲೆ ಹೋಗಬಾರದ್ರಿ" ಎಂದು ನನ್ನ ಬಾಯಿ ಮುಚ್ಚಿಸಿದಳು. ಸಿಲಿಂಡರ್ ತೇಲಿ ಹೋಗದಂತೆ ಕಂಬಕ್ಕೆ ಬಿಗಿದಿದ್ದೇನೆ. ಹೊಲದ ಉತಾರ, ಆಧಾರ್, ರೇಶನ್ ಕಾರ್ಡು, ಭಾಗ್ಯಾಳ ಮಾರ್ಕ್ಸ್ ಕಾರ್ಡು ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿವೆ. ಬೀಜದ ಜೋಳವನ್ನು ನೀನು ಬೂದಿ, ಬೇವಿನೆಲೆ ಹಾಕಿ ಗಡಿಗೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಸೆಗಣಿ ಮೆತ್ತುತ್ತಿದ್ದೆ. ಆ ಮೆತ್ತುವುದು ನಮಗೆ ಯಾರಿಗೂ ಬರಲಿಲ್ಲ. ಭಾಗ್ಯಾ ಒಂದು ಪ್ಲಾಸ್ಟಿಕ್ ಡಬ್ಬಿಗೆ ಸುರಿದು ಟೇಪು ಸುತ್ತಿಬಿಟ್ಟಳು. ಗಟ್ಟಿಯಾಗಿಯೇ ಇದೆ, ನನಗೆ ಮಾತ್ರ ಸಮಾಧಾನವಿಲ್ಲ.

ಬಾಗಿಲು ಹಾಕಬೇಕೋ ತೆರೆದಿಡಬೇಕೋ ಎಂದು ಕಾಂಚನ ಪ್ರತಿ ಸಲ ಜಗಳ ತೆಗೆಯುತ್ತಾಳೆ. ಮನೆ ಬಿಟ್ಟು ಹೋಗುವಾಗ ಬೀಗ ಹಾಕದೆ ಹೋಗುವುದು ಅವಳಿಗೆ ಆಗುವುದಿಲ್ಲ. ಮುಂಬಾಗಿಲು, ಹಿಂಬಾಗಿಲು ಎರಡನ್ನೂ ತೆರೆದಿಡುತ್ತಿದ್ದ ಅಪ್ಪ ನನಗೆ ಇವತ್ತು ಕಣ್ಣಿಗೆ ಕಟ್ಟಿದಂತಾಯಿತು. "ಬಾಗಿಲಾ ಹಾಕಿದ್ರ ಗ್ವಾಡಿ ದೂಡತಾಳ, ತಗದಿಟ್ರ ಹಾದು ಹೋಗತಾಳ" ಎನ್ನುತ್ತಿದ್ದ. ನೀರನ್ನು ಅಪ್ಪ ಯಾವತ್ತೂ ನೀರು ಎನ್ನಲಿಲ್ಲ, ಬರತಾಳ, ಹೋಗತಾಳ ಎಂದೇ ಅನ್ನುತ್ತಿದ್ದ. ಅವನಿಗೆ ಕೃಷ್ಣೆ ಎಂದರೆ ಸ್ವಲ್ಪ ಸಿಟ್ಟಿನ ಸೋದರತ್ತೆ ಇದ್ದ ಹಾಗೆ. ಬಂದರೆ ಭಯ, ಬರದಿದ್ದರೆ ಬೇಸರ.

ಶಾಲೆಯಲ್ಲಿ ನಾನು ಮೂರನೆಯತ್ತೆ, ನೀನು ಏಳನೆಯತ್ತೆ ಇದ್ದಾಗ ಬಂದ ಹೊಳೆ ನಿನಗೆ ನೆನಪಿದೆಯೇ? ಅವ್ವ ಕೋಳಿಗಳನ್ನು ನಿನ್ನ ಕೈಗೆ ಕೊಟ್ಟಿದ್ದಳು. ಎರಡು ಕೈಯಲ್ಲಿ ನಾಲ್ಕು ಕೋಳಿ ಹಿಡಿದು, ಬೆನ್ನಿಗೆ ಈಜುವವರು ತೇಲಲು ಕಟ್ಟುವ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ನೀನು ಮೊಣಕಾಲುದ್ದ ನೀರಿನಲ್ಲಿ ಹೊರಟಿದ್ದೆ. ಮೊಣಕಾಲುದ್ದ ನೀರಿಗೆ ಬುರುಡೆ ಯಾಕೆಂದು ಎಲ್ಲರೂ ನಕ್ಕರು. ಬುರುಡೆ ನಿನಗಲ್ಲ, ನಾನು ಎಲ್ಲಿಯಾದರೂ ಜಾರಿ ಬಿದ್ದರೆ ನನಗೆ ಕಟ್ಟಲೆಂದು ತಂದಿದ್ದೆ. ಆ ಮಾತನ್ನು ನೀನು ನನಗೆ ಹೇಳಿದ್ದು ನಿನ್ನ ಮದುವೆಯಾದ ಮೇಲೆ. ಆ ವರ್ಷ ಪಂಚಮಿಗೆ ಹಾಲೆರೆಯಲು ಹುತ್ತ ಹುಡುಕುವ ಕೆಲಸವೇ ಇರಲಿಲ್ಲ. ಹಾವು ತಾನೇ ನಮ್ಮ ಅಟ್ಟಕ್ಕೆ ಬಂದು ಮಲಗಿತ್ತು, ಅವ್ವ ಕೆಳಗಿನಿಂದಲೇ ಕೈ ಮುಗಿದಳು.

ಪಂಚಮಿ ಎಂದರೆ ನನಗೆ ಉಂಡಿಗಿಂತ ಹಗ್ಗವೇ ನೆನಪಾಗುತ್ತದೆ. ಹಬ್ಬಕ್ಕೆ ಎಂಟು ದಿನ ಮೊದಲು ಅಪ್ಪ ಪುಂಡಿ ನಾರು ನೆನೆಹಾಕಿ ಹೊಸ ಹಗ್ಗ ಹೊಸೆಯುತ್ತಿದ್ದ. ಒಂದು ತುದಿ ನೀನು ಹಿಡಿಯಬೇಕು, ಒಂದು ತುದಿ ನಾನು. ಬೇವಿನ ಮರಕ್ಕೆ ಜೋಕಾಲಿ ಕಟ್ಟುವುದು, ನೀನು ನಿಂತುಕೊಂಡೇ ಜೀಕಿ ಮೇಲಿನ ಎಲೆ ಹರಿದು ತರುವುದು, ಅವ್ವ ಅಡುಗೆ ಮನೆಯಿಂದಲೇ ಕೂಗುವುದು. ಹಬ್ಬ ಮುಗಿದ ಮಾರನೆಯ ದಿನ ಆ ಹಗ್ಗ ಇಳಿಸಿ ಮನೆಯ ಹಿರಿಯ ಎಮ್ಮೆಗೆ ಹಾಕಬೇಕು. ಹೆಣ್ಣುಮಕ್ಕಳು ಆಡಿದ ಹಗ್ಗ, ಹಾಲು ಹೆಚ್ಚುತ್ತದೆಂದು ನಮ್ಮ ಮನೆಯ ನಂಬಿಕೆ. ಗಂಟು ಹಾಕುವುದನ್ನು ಅಪ್ಪ ನನಗೆ ಕಲಿಸಲು ಎಷ್ಟು ಬಡಿದಾಡಿದ! ನಾನು ಎಡಚ. ಅವನು ಬಲಕ್ಕೆ ತಿರುಗಿಸಿದರೆ ನನ್ನ ಕೈ ಎಡಕ್ಕೇ ತಿರುಗುತ್ತಿತ್ತು. ಬೆರಳ ಮೇಲೆ ಎರಡು ಪೆಟ್ಟು ಬಿದ್ದರೂ ಕೈ ತಿದ್ದಿಕೊಳ್ಳಲಿಲ್ಲ. ನಾನು ಕಟ್ಟಿದ ಗಂಟನ್ನು ಬಿಚ್ಚಲು ಅಪ್ಪನಿಗೂ ಬರುತ್ತಿರಲಿಲ್ಲ, ಎಲ್ಲರೂ ತಪ್ಪು ತುದಿ ಎಳೆದು ಇನ್ನಷ್ಟು ಬಿಗಿ ಮಾಡುತ್ತಿದ್ದರು. ಅವ್ವ ನಿನ್ನನ್ನು ಕರೆಯುತ್ತಿದ್ದಳು. "ಸುಗಂಧೀ, ನಿನ್ನ ತಮ್ಮನ ಗಂಟ ನೀನ ಬಂದ ಬಿಚ್ಚವ್ವಾ." ನೀನು ಒಂದು ಸಲ ನೋಡಿ, ಒಂದು ಬೆರಳು ಹಾಕಿ ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತಿತ್ತು. ಈಗ ನಾನು ಕಟ್ಟಿದ್ದನ್ನು ಕಾಂಚನ ಕತ್ತರಿ ಹಾಕಿಯೇ ಬಿಡಿಸುತ್ತಾಳೆ.

ಇನ್ನೊಂದು ಮಾತು. ನೀರು ಹೊಲದ ಬದು ಮುಟ್ಟಿದ ದಿನ ಅವ್ವ ಹೊಳೆಗೆ ಉಡಿ ತುಂಬುತ್ತಿದ್ದಳಲ್ಲ, ಹಸಿರು ಖಣ, ಬಳೆ, ಅರಿಷಿಣ, ಕುಂಕುಮ, ತೆಂಗಿನಕಾಯಿ. "ಬಂದಿ, ಚಲೋ ಆತು ತಾಯಿ, ಉಡಿ ತುಂಬಿಸ್ಕೊಂಡ ತಿರುಗಿ ಹೋಗ" ಎಂದು ಮನೆಗೆ ಬಂದ ಮಗಳಿಗೆ ಹೇಳಿದ ಹಾಗೆ ಹೇಳುತ್ತಿದ್ದಳು. ನಿನ್ನ ಗಂಡ ತೀರಿಕೊಂಡು, ದೀಪಾಲಿಯನ್ನು ಎತ್ತಿಕೊಂಡು ನೀನು ಈ ಮನೆಗೆ ಮರಳಿ ಬಂದ ಮೇಲೆ ಆ ಹೊತ್ತಿನಲ್ಲಿ ತುಳಸಿ ಕಟ್ಟೆಯ ಹಿಂದೆ ನಿಲ್ಲುತ್ತಿದ್ದೆ. ಕಾಯಿ ಒಡೆದುಕೊಡುವುದು, ಖಣ ಮಡಚಿಕೊಡುವುದು ನಿನ್ನ ಕೆಲಸ, ಮುಂದೆ ಬರುವುದು ಮಾತ್ರ ಇಲ್ಲ. ಇಪ್ಪತ್ತು ವರ್ಷ ಈ ಮನೆಗೆ ದುಡಿದ ಮಗಳಿಗೆ ಯಾರೂ ಉಡಿ ತುಂಬಲಿಲ್ಲ, ಹೊಳೆಗೆ ತುಂಬಿದರು. ಅದು ತಪ್ಪೆಂದು ನನಗೆ ಆಗ ಅನ್ನಿಸಲೇ ಇಲ್ಲ ಅಕ್ಕಾ. ಈಗ ಅನ್ನಿಸುತ್ತದೆ. ಹೋದ ವಾರ ಹಾರೂಗೇರಿ ಸಂತೆಯಲ್ಲಿ ಕಾಂಚನ ಎರಡು ಖಣ ತಂದಳು. ಎರಡು ಯಾಕೆಂದು ಕೇಳಿದೆ. "ಒಂದ ಹೊಳಿಗಿ, ಒಂದ ಅಕ್ಕಾರಿಗೆ" ಎಂದಳು. "ಹೊಳಿ ಬರೂದು ಖರೇ, ಅಕ್ಕ ಬರತಾಳೋ ಇಲ್ಲೋ" ಎಂದೆ. ಅವಳು ಎರಡನ್ನೂ ಟ್ರಂಕಿನಲ್ಲಿಟ್ಟಳು.

ನೀನು ಈ ಮನೆ ಬಿಟ್ಟ ವರ್ಷದ ಮಾತು ಬರೆಯಲೋ ಬೇಡವೋ ಎಂದು ಇಲ್ಲಿಯವರೆಗೆ ಬರೆದು ಎದ್ದು ಹೋಗಿ ಎರಡು ಸಲ ಚಹಾ ಕುಡಿದು ಬಂದೆ. ಬರೆಯದೆ ಕಾಗದ ಮುಗಿಸಿದರೆ ನೀನು ಇದನ್ನು ಎಕ್ಕೆ ಎಲೆಯ ಜೊತೆಗೇ ಎಸೆಯುತ್ತೀ. ಎರಡು ಸಾವಿರದ ಹತ್ತೊಂಬತ್ತರಲ್ಲಿ ಹೊಳೆ ಪಂಚಮಿಗೇ ಬಂದಿತ್ತು. ಬೇವಿನ ಮರದಲ್ಲಿ ಜೋಕಾಲಿ ಹಾಗೇ ಇತ್ತು. ಎರಡು ಸಾವಿರದ ಐದರ ಹೊಳೆ ಇಳಿದ ಮೇಲೆ ಅಪ್ಪ ಕೊಟ್ಟಿಗೆಯ ಗೋಡೆಗೆ ಕಾವಿಯಲ್ಲಿ ಒಂದು ಗೆರೆ ಎಳೆದಿದ್ದ, ಎಮ್ಮೆಯ ಹೊಟ್ಟೆಯ ಮಟ್ಟಕ್ಕೆ. "ಇದನ್ನ ದಾಟಿ ಬರೂದಿಲ್ಲ, ನಮ್ಮಜ್ಜನ ಕಾಲಕ್ಕೂ ಬಂದಿಲ್ಲ" ಎಂದಿದ್ದ. ಅಪ್ಪ ಹೋದ ಮೇಲೆ ನಮಗೆಲ್ಲ ಆ ಗೆರೆಯೇ ಅಪ್ಪ. ಪಂಚಾಯ್ತಿಯವರು ಕೂಗಿದರೂ ನಾವು ಗೆರೆಯನ್ನೇ ನೋಡುತ್ತ ಕೂತೆವು. ಹಬ್ಬದ ಮಾರನೆಯ ದಿನ ಮಧ್ಯಾಹ್ನ ಅವಸರದಲ್ಲಿ ಹೊರಟೆವು. ದನ ಬಿಚ್ಚುವ ಕೆಲಸ ಯಾವಾಗಲೂ ನಿನ್ನದು. ಐದನ್ನೂ ಬಿಚ್ಚಿ ಮಡ್ಡಿಯ ದಾರಿಗೆ ಹಚ್ಚಿದೆ. ಸಂಜೆ ಮಡ್ಡಿಯ ಮೇಲೆ ಎಣಿಸಿದರೆ ನಾಲ್ಕೇ ಇದ್ದವು. ಗವರಿ ಇರಲಿಲ್ಲ. ಅವ್ವ ಕರುವಿದ್ದಾಗಿನಿಂದ ಕೈತುತ್ತು ಹಾಕಿ ಬೆಳೆಸಿದ ಗವರಿ, ನಮ್ಮ ಹಿರಿಯ ಎಮ್ಮೆ, ತುಂಬು ಗಬ್ಬ. ಅಷ್ಟರಲ್ಲಿ ಹಳ್ಳದ ಮೇಲೆ ನೀರು ಬಂದು ದಾರಿ ಮುಚ್ಚಿತ್ತು. ಆ ಸಲ ನೀರು ಅಪ್ಪನ ಗೆರೆ ದಾಟಿ ಹಂಚಿನವರೆಗೆ ಹೋಯಿತು.

ಎಂಟು ದಿನಕ್ಕೆ ನಾವು ತಿರುಗಿ ಬಂದಾಗ ಗವರಿ ತನ್ನ ಗೂಟದಲ್ಲೇ ಸತ್ತು ಬಿದ್ದಿತ್ತು, ಕೊರಳಲ್ಲಿ ಹಗ್ಗವೂ ಇತ್ತು. ಅವ್ವ ಕೊಟ್ಟಿಗೆಯ ಹೊಸ್ತಿಲಲ್ಲೇ ಕುಸಿದು ಕೂತಳು. "ನಾ ಬಿಚ್ಚೇನಿ ಎವ್ವಾ, ಗವರಿನ್ನ ಎಲ್ಲಾಕ್ಕಿಂತ ಮೊದಲ ಬಿಚ್ಚೇನಿ" ಎಂದು ನೀನು ಆಣೆ ಮಾಡಿ ಹೇಳಿದೆ. ಅವ್ವನಿಗೆ ಅದು ಕಿವಿಗೆ ಹೋಗಲಿಲ್ಲ. "ಬಿಚ್ಚಿದ್ರ ಹಗ್ಗ ಹೆಂಗ ಉಳೀತು? ಗಂಡನ್ನ ನುಂಗಿದಿ, ಈಗ ನನ್ನ ಗಬ್ಬದ ಎಮ್ಮಿನೂ ನುಂಗಿದಿ" ಎಂದುಬಿಟ್ಟಳು. ಅವ್ವ ಕೆಟ್ಟವಳಲ್ಲ, ನಿನಗೆ ಗೊತ್ತು, ಆದರೂ ಆ ಮಾತು ಆಡಿದಳು. ಬಾಳಾಸಾಬನ ಮನೆಯವರೂ ಕೇಳುತ್ತ ನಿಂತಿದ್ದರು. ನೀನು ಗವರಿಯ ಹತ್ತಿರ ಹೋಗಿ ಕೂತೆ. ಎದ್ದು ಬಂದು "ಹೌದ ಎವ್ವಾ, ಮರತಿದ್ನೇನೋ" ಎಂದೆ, ಅಷ್ಟೇ. ನಾನು ಸಲಿಕೆ ಹಿಡಿದು ಕೆಸರು ಎಳೆಯುತ್ತಿದ್ದೆ. ಎಳೆಯುತ್ತಲೇ ಇದ್ದೆ.

ನಾಲ್ಕನೆಯ ದಿನ ನೀನು ಚೀಲ ಕಟ್ಟಿದೆ. ಕುಡಚಿ ಬಸ್ ಸ್ಟ್ಯಾಂಡಿನವರೆಗೆ ಚೀಲ ಹೊತ್ತು ತಂದವನು ನಾನೇ. ನೀನು ಬಸ್ಸಿನಲ್ಲಿ ಆಚೆ ಕಡೆಯ ಕಿಟಕಿಗೆ ಕೂತೆ. ಎರಡು ವರ್ಷದ ಮೇಲೆ ಅವ್ವ ಹಾಸಿಗೆ ಹಿಡಿದಾಗ ದಿನಕ್ಕೆ ಹತ್ತು ಸಲ "ಸುಗಂಧಿ ಬಂದ್ಲೇನು?" ಎಂದು ಕೇಳುತ್ತಿದ್ದಳು. ನೀನು ಬರುವಷ್ಟರಲ್ಲಿ ಅವ್ವ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ನೀನು ಅಂಗಳದಲ್ಲೇ ಕೂತು, ಒಂದು ಲೋಟ ನೀರು ಕುಡಿದು, ಮಧ್ಯಾಹ್ನದ ಬಸ್ಸಿಗೇ ಹೋದೆ. ಅವ್ವನ ಹಾಸಿಗೆಯ ಕೌದಿ ಇನ್ನೂ ನಿನ್ನ ಹೆಸರಿನಲ್ಲೇ ಇಟ್ಟಿದ್ದೇವೆ. ಇವತ್ತು ಟ್ರ್ಯಾಕ್ಟರಿನಲ್ಲಿ ಎಲ್ಲಕ್ಕಿಂತ ಮೇಲೆ ಅದೇ ಇದೆ, ನೀರು ತಾಗದಂತೆ ತಾಡಪತ್ರೆ ಹೊದಿಸಿದ್ದೇನೆ.

ಈಗ ಮೂರೂವರೆ ಆಗಿರಬೇಕು. ಟ್ರ್ಯಾಕ್ಟರ್ ತುಂಬಿ ನಿಂತಿದೆ, ಕಾಂಚನ ಮಾತ್ರ ಹತ್ತುತ್ತಿಲ್ಲ. ನಾನು ಈ ಕಾಗದ ಬರೆದು ನಾಮದೇವನ ಕೈಗೆ ಕೊಟ್ಟದ್ದನ್ನು ಕಣ್ಣಾರೆ ನೋಡಿಯೇ ಹತ್ತುತ್ತೇನೆಂದು ಕಟ್ಟೆಯ ಮೇಲೆ ಕೂತಿದ್ದಾಳೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ಇಂಥ ಹಟ ಹಿಡಿದದ್ದು ನಾನು ನೋಡಿಲ್ಲ. ಭಾಗ್ಯಾ ಗಳಿಗೆಗೊಮ್ಮೆ ಬಂದು "ನಿಪ್ಪಾಣಿ ಅತ್ತೀಗಿ ಬರದಿ ಏನಪ್ಪಾ, ಎಷ್ಟ ಸಾಲ ಆತು?" ಎಂದು ಪರೀಕ್ಷೆಯ ಮಾಸ್ತರರ ಹಾಗೆ ಇಣುಕುತ್ತಾಳೆ. ಅವರಿಬ್ಬರೂ ಮುಗಳಖೋಡಕ್ಕೆ ಹೋಗುತ್ತಾರೆ. ನಾನು ಮಡ್ಡಿಯ ಮೇಲೆ ದನಗಳ ಹತ್ತಿರ ಇರುತ್ತೇನೆ, ಹೆದರಬೇಡ, ಅಲ್ಲಿಗೆ ಯಾವ ಹೊಳೆಯೂ ಬರುವುದಿಲ್ಲ. ಎರಡೂ ಬಾಗಿಲು ತೆರೆದಿದ್ದೇನೆ. ಅಪ್ಪನ ಗೆರೆಯನ್ನು ಈ ಸಲ ನಾನು ನೋಡಲಿಲ್ಲ, ಭಾಗ್ಯಾಳ ಮೊಬೈಲು ನೋಡಿದೆ.

ದೀಪಾಲಿಗೂ ಅವಳ ಮನೆಯವರಿಗೂ ನಮಸ್ಕಾರ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಭಾಗ್ಯಾಳ ತಲೆಯ ಮೇಲೆ ನಿನ್ನ ಕೈ ಇರಲಿ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದು ಇಳಿ. ಇನ್ನು ಹದಿನೈದು ದಿನಕ್ಕೆ ಪಂಚಮಿ.

ನಿನ್ನ ಎಡಚ ತಮ್ಮ,
ಭರಮು

ತಾ.ಕ.: ನಾಮದೇವ ಬಂದು ಹಾರ್ನ್ ಹೊಡೆಯುತ್ತಿದ್ದಾನೆ. ಬರೆಯಬೇಕಾದ ಒಂದು ಮಾತು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದೇನೆ. ಗವರಿಯನ್ನು ಕಟ್ಟಿದವನು ನಾನು. ನೀನು ಬಿಚ್ಚಿ ಕಳಿಸಿದ್ದೆ, ಅದು ದಾರಿಯಿಂದ ತಿರುಗಿ ತನ್ನ ಕೊಟ್ಟಿಗೆಗೇ ಬಂದು ನಿಂತಿತ್ತು. ಮೋಟರಿನ ಸ್ಟಾರ್ಟರ್ ಪೆಟ್ಟಿಗೆ ಮರೆತಿದ್ದೆನೆಂದು ನಾನೊಬ್ಬನೇ ಹಿಂದಕ್ಕೆ ಬಂದಾಗ ನೋಡಿದೆ. ತಲೆಯ ಮೇಲೆ ಪೆಟ್ಟಿಗೆ ಹೊತ್ತು ಎಮ್ಮೆ ಹೊಡೆಯಲು ಆಗಲಿಲ್ಲ, ಬಿಟ್ಟರೆ ಹೊಳೆಗೆ ಇಳಿದೀತೆಂದು ಬೇವಿನ ಮರದಿಂದ ಜೋಕಾಲಿಯ ಹಗ್ಗ ಬಿಚ್ಚಿ ತಂದು ಗೂಟಕ್ಕೆ ಕಟ್ಟಿದೆ. ನೀರು ಇನ್ನೂ ಹೊಸ್ತಿಲಿಗೂ ಬಂದಿರಲಿಲ್ಲ. ಬಂದರೂ ಅಪ್ಪನ ಗೆರೆಯವರೆಗೆ ತಾನೇ, ಹೊಟ್ಟೆಮಟ್ಟ ನೀರಿನಲ್ಲಿ ಎಮ್ಮೆ ನಿಲ್ಲುತ್ತದೆ, ಪೆಟ್ಟಿಗೆ ಇಟ್ಟು ಬರುತ್ತೇನೆ ಅಂದುಕೊಂಡೆ. ತಿರುಗುವಷ್ಟರಲ್ಲಿ ಹಳ್ಳ ಮುಚ್ಚಿತ್ತು. ಪಂಚಮಿ ಮುಗಿದಿದ್ದರಿಂದ ಗವರಿಯ ಕೊರಳಲ್ಲಿ ಆ ಹಗ್ಗ ಕಂಡದ್ದು ಯಾರಿಗೂ ಹೊಸದೆನಿಸಲಿಲ್ಲ. ನಿನಗೊಬ್ಬಳಿಗೆ ಅನ್ನಿಸಿತು. ನೀನು ಕುಕ್ಕರಗಾಲಲ್ಲಿ ಕೂತು ಆ ಎಡಗೈ ಗಂಟನ್ನು ನೋಡಿದೆ, ತಲೆ ಎತ್ತಿ ನನ್ನನ್ನು ನೋಡಿದೆ. ಆಮೇಲೆ ಕುಡುಗೋಲಿನಿಂದ ಕೊಯ್ದು ಗಂಟನ್ನು ಕೆಸರಿನಲ್ಲಿ ಎಸೆದೆ. ನನ್ನ ಗಂಟನ್ನು ನೀನು ಬಿಚ್ಚದೆ ಕೊಯ್ದದ್ದು ಅದೊಂದೇ ಸಲ. ಅವ್ವನಿಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಹೇಳದೆ ಉಳಿದೆ, ಇನ್ನು ಆಗುವುದಿಲ್ಲ. ಇವತ್ತು ಬೆಳಿಗ್ಗೆ ಗವರಿಯ ಹಿಂದಿನ ಸೂಲಿನ ಮಗಳು ಚಂದ್ರಿಯನ್ನು ಬಿಚ್ಚಲು ಹೋಗಿ ಗೂಟದ ಹತ್ತಿರವೇ ಕೂತುಬಿಟ್ಟೆ, ಯಾಕೆಂದು ಕಾಂಚನ ಕೇಳಿದಳು, ಅವಳಿಗೂ ಭಾಗ್ಯಾಳಿಗೂ ಎಲ್ಲ ಹೇಳಿದೆ. "ನಮಗ ಹೇಳಿದ್ರ ಏನಾತ್ರಿ? ಅಕ್ಕಾರಿಗೆ ಬರಿರಿ" ಎಂದಳು. ನಿನಗೆ ಗೊತ್ತಿದ್ದದ್ದನ್ನೇ ಬರೆದಿದ್ದೇನೆ. ಹೊಳೆ ಇಳಿಯಲಿ ಬಿಡಲಿ, ಪಂಚಮಿಗೆ ಕರೆಯಲು ನಾನೇ ಬರುತ್ತೇನೆ, ಕೆಳಗೆ ರಸ್ತೆಯಲ್ಲಿ ನಿಂತು ಕೂಗುತ್ತೇನೆ. ಬರುವ ಮನಸ್ಸಾದರೆ ಇಳಿದು ಬಾ. ಆಗದಿದ್ದರೆ ಮೇಲಿನಿಂದಲೇ ಓಣಿಯ ಮಂದಿಯೆಲ್ಲ ಕೇಳುವಂತೆ ಬಯ್ಯಿ. ಬಯ್ಯುವುದಕ್ಕಾದರೂ ನನ್ನ ಜೊತೆ ಮಾತಾಡು.